ಬೇಸರ ಎಂದು ಬರೆದಿದ್ದೆ

ಕಂಪ್ಲಿ
6 ಜುಲೈ 2025

ಗಿರೀಶಣ್ಣ,

ದೊಡ್ಡಪ್ಪನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಅಪ್ಪ ಹೇಳಿದ. ಕೇಳಿ ಸಮಾಧಾನವಾಯಿತು.

ನೀನು ಕಳಿಸಿದ ಫೋನನ್ನು ಈ ಕಾಗದದ ಜೊತೆ ಕವರಿನಲ್ಲಿ ಹಾಕಿ ಬಸ್ಸಿನ ಕಂಡಕ್ಟರ್ ವಿರೂಪಾಕ್ಷಪ್ಪನವರ ಕೈಗೆ ಕೊಡುತ್ತಿದ್ದೇನೆ. "ಏನವ್ವಾ, ಇದರಾಗ ಸಿಮ್ಮೂ ಇಲ್ಲ, ಮಾತೂ ಇಲ್ಲ, ದಿನಾ ಹೊಸಪೇಟೆಗೆ ಯಾಕ ತಿರುಗಾಡ್ತೈತಿ ಇದು?" ಎಂದು ಅವರು ನಗುತ್ತಾರೆ. ಬರೀ ಆಟ ಆಡುವ ಫೋನು ಎಂದರೆ ಅವರಿಗೆ ನಂಬಿಕೆಯಿಲ್ಲ. ಅಪ್ಪನ ಫೋನಿನಲ್ಲಿ ಮಾತಾಡು ಎಂದು ನೀನು ಅನ್ನುತ್ತೀಯ. ಅದರಲ್ಲಿ ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ನನಗೆ ಎದುರಿಗೆ ಇದ್ದವರ ಜೊತೆಯೇ ಮಾತು ಬರುವುದಿಲ್ಲ. ಕಾಗದವಾದರೆ ತಪ್ಪಿದ ಕಡೆ ಗೀಟು ಹಾಕಿ ಮತ್ತೆ ಬರೆಯಬಹುದು.

ನೀನು ಅದರಲ್ಲಿ ಹಾಕಿ ಕಳಿಸಿದ 'ರಕ್ತಕೋಟೆ' ಆಟ ಆಡಿದೆ. ಕೋಟೆ, ಕುದುರೆ, ಬೆಂಕಿ ಎಲ್ಲವೂ ನಿಜದಂತೆಯೇ ಇವೆ. ಎರಡನೆಯ ಕೋಟೆಯ ಹಿಂದೆ ಒಂದು ಹೊಂಡವಿದೆ. ಅಲ್ಲಿ ಕುದುರೆಯನ್ನು ನಿಲ್ಲಿಸಿದರೆ ತಲೆ ಬಾಗಿಸಿ ನೀರು ಕುಡಿಯುತ್ತದೆ. ನಾನು ಅಲ್ಲೇ ಬಹಳ ಹೊತ್ತು ಇದ್ದೆ. ಯಾರೋ ಹಿಂದಿನಿಂದ ಬಂದು ನನ್ನನ್ನು ಕಡಿದರು. ನಿನ್ನ ಹಾಗೆ ಯೂಟ್ಯೂಬಿನಲ್ಲಿ ಆಟಗಳ ಬಗ್ಗೆ ಹೇಳುವ ಎಲ್ಲಾ ಚಾನೆಲ್‌ನವರೂ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದಾರೆ ಎಂದು ನೀನು ಚೀಟಿಯಲ್ಲಿ ಬರೆದಿದ್ದೆ. ನನಗೂ ಮಸ್ತ್ ಅನಿಸಿತು. ನನ್ನದೂ ಐದು.

ನಿನ್ನ ತಂಗಿ,
ಸುಮಲತಾ


ಚಿತ್ತವಾಡ್ಗಿ, ಹೊಸಪೇಟೆ
11 ಜುಲೈ 2025

ಸುಮಾ,

ನಿನ್ನ ಐದು ಬಂದು ಮುಟ್ಟಿತು. ವಿಡಿಯೋದಲ್ಲಿ "ಕಂಪ್ಲಿಯ ನಮ್ಮ ತಂಗಿನೂ ಐದಕ್ಕ ಐದು ಕೊಟ್ಟಾಳ" ಎಂದು ಸೇರಿಸಿದೆ. ಹಗಲೆಲ್ಲ ಮೊಬೈಲ್ ರಿಪೇರಿ ಮಾಡಿ ಸಂಜೆ ಕ್ಯಾಮೆರಾ ಮುಂದೆ ಕುಳಿತುಕೊಳ್ಳುವ ನನ್ನ ಮಾತಿಗಿಂತ ಜನಕ್ಕೆ ನಿನ್ನ ಮಾತೇ ಇಷ್ಟ. "ತಂಗಿ ಏನಂದಳು ಮೊದಲು ಹೇಳಣ್ಣ" ಎಂದು ಕೇಳುತ್ತಾರೆ.

ಈ ಸಲ 'ಆಚೆ ದಂಡಿ' ಎಂಬ ಆಟ ಹಾಕಿ ಕಳಿಸಿದ್ದೇನೆ. ಮಾಡಿದವಳು ನಮ್ಮ ಸಂಡೂರು ಕಡೆಯವಳೇ, ಹೆಸರು ಸ್ಫೂರ್ತಿ. ಅವಳ ಅಪ್ಪ ದೋಣಿಮಲೈ ಗಣಿಯಲ್ಲಿದ್ದಾರೆ. ಹೋದ ವಾರ ಅಂಗಡಿಗೆ ಬಂದಿದ್ದಳು. ಹರಿಗೋಲಿಗೆ ಹುಟ್ಟು ಹಾಕುವ ಸದ್ದನ್ನು ಹಂಪಿಯ ಹೊಳೆಗೇ ಹೋಗಿ ರೆಕಾರ್ಡ್ ಮಾಡಿದ್ದಾಳಂತೆ. "ನೀವು ನಮ್ಮ ಕಡೆಯೋರು. ಒಮ್ಮೆ ಪೂರ್ತಿ ಆಡಿ ನೋಡ್ರಿ, ಆಮ್ಯಾಲ ಏನರ ಅನ್ರಿ" ಎಂದಳು. ಆಯ್ತವ್ವಾ ಅಂದೆ.

ಆದರೆ ದೊಡ್ಡ ಚಾನೆಲ್‌ನವರೆಲ್ಲ ಇದನ್ನು ಎತ್ತಿ ತಿಪ್ಪೆಗೆ ಎಸೆದಿದ್ದಾರೆ. ಗೆಲ್ಲುವುದಿಲ್ಲ, ಸೋಲುವುದಿಲ್ಲ, ಹರಿಗೋಲಿನಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವುದಷ್ಟೇ. ನಡುವೆ ಹ್ಯಾಂಗ್ ಆಗಿ ನಿಂತೇಬಿಡುತ್ತದೆ ಎಂದು ಎಲ್ಲರೂ ಹೇಳಿದ್ದಾರೆ. ನಾನೂ ಆಡಿದೆ, ಬಿಡು. ನಿನಗೆ ಹೇಗನಿಸಿತು ಬರಿ. ಉದ್ದ ಬ್ಯಾಡ, ವಿಡಿಯೋದಲ್ಲಿ ಹೇಳುವಂಥ ಒಂದು ಸಾಲು ಸಾಕು.

ಗಿರೀಶ್


ಕಂಪ್ಲಿ
20 ಜುಲೈ 2025

ಗಿರೀಶಣ್ಣ,

ಹೊಳೆಗೆ ನೀರು ಬಿಟ್ಟಿದ್ದಾರೆ. ಅಪ್ಪ ದಿನಾ ಹೋಗಿ ನೋಡಿ ಬರುತ್ತಾನೆ.

'ಆಚೆ ದಂಡಿ' ಆಡಿದೆ. ಒಂದು ಕಡೆ ಬಂದು ನಿಂತುಬಿಡುತ್ತದೆ, ನೀನು ಹೇಳಿದ್ದು ನಿಜ. ಅಲ್ಲಿಂದ ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಬಹಳ ಬೇಸರವಾಯಿತು.

ಸ್ಟಾರ್ ಎಷ್ಟು ಎಂದು ಬರೆಯಲು ಗೊತ್ತಾಗುತ್ತಿಲ್ಲ.

ಫೋನು ಈ ಸಲ ಕಳಿಸುತ್ತಿಲ್ಲ. ಚಾರ್ಜ್ ಹಾಕುವ ತೂತಿನಲ್ಲಿ ಮಿಲ್ಲಿನ ಭತ್ತದ ದೂಳು ಸೇರಿ ಕೆಟ್ಟಿದೆ. ಸ್ವಲ್ಪ ದಿನ ಇಲ್ಲೇ ಇರಲಿ.

ಸುಮಲತಾ


ಚಿತ್ತವಾಡ್ಗಿ
29 ಜುಲೈ 2025

ಲೇ ಸುಮಾ,

ನೀನು ಸಾಮಾನ್ಯದವಳಲ್ಲ! ಅರ್ಧ ಗಂಟೆ ಮಾತಾಡುವವರು ಹೇಳಲಾಗದ್ದನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟೆ. ವಿಡಿಯೋ ಕೊನೆಯಲ್ಲಿ ನಾನು ಕುರ್ಚಿಗೆ ಒರಗಿ, ಬಾಯಿ ತೆರೆದು ಆಕಳಿಸಿ, "ಹೊಳಿ ದಂಡಿ ಊರಿನ ನಮ್ಮ ತಂಗಿ ಏನಂದ್ಲು ಗೊತ್ತೈತೇನ್ರಿ? ಬ್ಯಾಸರಾತು!" ಎಂದೆ. ಅಷ್ಟೇ. ಕೆಳಗೆ ಜನ ಅದೊಂದನ್ನೇ ಬರೆಯುತ್ತಿದ್ದಾರೆ. ನನ್ನ ಯಾವ ವಿಡಿಯೋವನ್ನೂ ಇಷ್ಟು ಜನ ನೋಡಿರಲಿಲ್ಲ. ನಾನು ಒಂದು ಸ್ಟಾರ್ ಕೊಟ್ಟೆ. ಉಳಿದವರೂ ಅಷ್ಟೇ ಕೊಟ್ಟಿದ್ದಾರೆ. ನಾವೊಬ್ಬರೇ ಬೇರೆ ಹೇಳಿದರೆ ನಮ್ಮ ಕಡೆಯವಳೆಂದು ಹೊಗಳಿದರು ಅನ್ನುತ್ತಾರೆ.

ಫೋನು ಕಳಿಸು. ತೂತು ಕೆಟ್ಟ ಫೋನನ್ನು ರಿಪೇರಿ ಅಂಗಡಿಯ ಅಣ್ಣನಿಗೆ ಕೊಡದೆ ಮನೆಯಲ್ಲಿ ಇಟ್ಟುಕೊಂಡವಳು ಭೂಮಿ ಮೇಲೆ ನೀನೊಬ್ಬಳೇ. ಸೂಜಿಯಲ್ಲಿ ದೂಳು ತೆಗೆದರೆ ಮುಗಿಯಿತು. ಹೊಸ ಆಟ ಬಂದಿದೆ.

ಗಿರೀಶ್


ಚಿತ್ತವಾಡ್ಗಿ
12 ಆಗಸ್ಟ್ 2025

ಸುಮಾ,

ಫೋನೂ ಇಲ್ಲ, ಕಾಗದವೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ವಿರೂಪಾಕ್ಷಪ್ಪನವರನ್ನು ಕೇಳಿದರೆ "ನಿಮ್ಮ ತಂಗಿ ಈಗ ಬಸ್ಸಿನ ಕಡೆಗೇ ಬರಂಗಿಲ್ಲಪಾ" ಎಂದರು. ಮೈಯಲ್ಲಿ ಹುಷಾರಿಲ್ಲವೇನು? ವಿಡಿಯೋದಲ್ಲಿ ನಿನ್ನ ಹೆಸರು ಹೇಳಿಲ್ಲ, ತಂಗಿ ಎಂದಷ್ಟೇ ಹೇಳಿದ್ದೇನೆ. ಅದಕ್ಕೇನಾದರೂ ಮುನಿಸೇ?

ಗಿರೀಶ್


ಕಂಪ್ಲಿ
18 ಆಗಸ್ಟ್ 2025

ಗಿರೀಶಣ್ಣ,

ನಿನ್ನ ವಿಡಿಯೋ ನೋಡಿದೆ. ಮಿಲ್ಲಿನ ಅಂಗಳದಲ್ಲಿ ಭತ್ತ ತಿರುವುತ್ತಿದ್ದೆವು. ಜೊತೆಗೆ ಕೆಲಸ ಮಾಡುವ ವಿರುಪಮ್ಮ ಸೆರಗಿನಲ್ಲಿ ಫೋನು ಮುಚ್ಚಿಕೊಂಡು ಬಂದು, "ಯಲೇ ಸುಮಾ, ದೊಡ್ಡ ಹೆಸರು ಮಾಡಿದಿ ಬಿಡು! ಮಾತಾಡು ಅಂದ್ರ ಬಾಯಿ ಬಿಡಂಗಿಲ್ಲ, ನಿನ್ನ ಮಾತು ಕೇಳಿ ಊರ ಮಂದಿ ನಗಾಕತ್ತೈತಿ ನೋಡು" ಎಂದು ತೋರಿಸಿದಳು. ಹೆಸರು ಹೇಳದಿದ್ದರೇನು, ಚಿತ್ತವಾಡ್ಗಿಯ ಗಿರೀಶನಿಗೆ ಕಂಪ್ಲಿಯಲ್ಲಿ ಎಷ್ಟು ಜನ ತಂಗಿಯರಿದ್ದಾರೆ? ಈಗ ಅಂಗಳದಲ್ಲಿ ಬಿಸಿಲು ಏರಿದರೂ "ಬ್ಯಾಸರಾತು", ಚಹಾ ಆರಿದರೂ "ಬ್ಯಾಸರಾತು". ನಾನೂ ನಕ್ಕೆ. ನಗದಿದ್ದರೆ ಇನ್ನೂ ಕಾಡುತ್ತಾರೆ.

ನೀನು ಆಕಳಿಸಿದೆ, ಅಣ್ಣ. ನಾನು ಬರೆದದ್ದು ಆ ಬೇಸರವಲ್ಲ.

ಆ ಆಟದಲ್ಲಿ ದಿನಾ ಬೆಳಿಗ್ಗೆ ಒಬ್ಬ ಹುಡುಗಿ ಪಾಟಿಚೀಲ ಹಾಕಿಕೊಂಡು ಶಾಲೆಗೆಂದು ಹೊಳೆ ದಾಟಲು ಬರುತ್ತಾಳೆ. ಗೂಟಕ್ಕೆ ಕಟ್ಟಿದ ಹಗ್ಗವನ್ನು ಅವಳೇ ಬಿಚ್ಚಿ ಹರಿಗೋಲು ಹತ್ತುತ್ತಾಳೆ. ನಡುಹೊಳೆಯಲ್ಲಿ ಒಂದೊಂದು ದಿನ ಒಂದೊಂದು ಕೇಳುತ್ತಾಳೆ. "ಮೀನಿಗೆ ನೀರಡಿಕಿ ಆಗ್ತೈತೇನ್ರಿ?" ಎಂದು ಒಂದು ದಿನ. ಆಮೇಲೆ ಒಂದು ಬೆಳಿಗ್ಗೆ ಅವಳು ಬರುವುದಿಲ್ಲ. ಬೇರೆಯವರೆಲ್ಲ ಹತ್ತಿ ಕುಳಿತಾಗಿದೆ. ಹುಟ್ಟು ಹಾಕಿದರೆ ಹರಿಗೋಲು ನಿಂತಲ್ಲೇ ತಿರುಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಇದನ್ನೇ ಎಲ್ಲರೂ ಹ್ಯಾಂಗ್ ಎನ್ನುತ್ತಿರುವುದು. ಹ್ಯಾಂಗ್ ಆಗಿಲ್ಲ. ಹಗ್ಗ ಇನ್ನೂ ಕಟ್ಟಿಯೇ ಇದೆ, ಬಿಚ್ಚುವವಳು ಬಂದಿಲ್ಲ. ಹೋಗಬೇಕಾದರೆ ಅದನ್ನು ನಾವೇ ಬಿಚ್ಚಬೇಕು. ಅವಳನ್ನು ಬಿಟ್ಟು ಹೋಗಬೇಕು.

ನಾನು ಬಿಚ್ಚಲಿಲ್ಲ. ಅದಕ್ಕೇ ಮುಂದೆ ಹೋಗಲು ಆಗಲಿಲ್ಲ ಎಂದು ಬರೆದೆ.

ನಿನಗೆ ನೆನಪಿರಬಹುದು, ನನ್ನ ಐದನೆಯ ತರಗತಿ ಮುಗಿದಾಗ ತಮ್ಮ ಹುಟ್ಟಿದ. ದೂರದ ಶಾಲೆಯಲ್ಲಿ ಆರನೆಯದಕ್ಕೆ ಹೆಸರು ಹಚ್ಚಿದ್ದರು. ಸ್ವಲ್ಪ ದಿನ ಹೋದೆ. ಆಮೇಲೆ ಅವ್ವ ಮಿಲ್ಲಿಗೆ ಹೋಗಲೇಬೇಕಾಯಿತು, ಕೂಸನ್ನು ನೋಡಿಕೊಳ್ಳಲು ನಾನು ಉಳಿದೆ. ಮಕ್ಕಳನ್ನು ಕರೆದೊಯ್ಯುವ ಪಕೀರಪ್ಪನ ಆಟೋ ನಮ್ಮ ಓಣಿಯ ತಿರುವಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ನಾನು ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೊರಗೆ ಹೋಗಿ ಹೇಳಲು ನನಗೆ ನಾಚಿಕೆ. ಕೂಸು ಅಳಬಾರದೆಂದು ಅದರ ಬಾಯಿಗೆ ಕೈ ಇಟ್ಟು ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಮರುದಿನವೂ ಅವರು ಬರುತ್ತಿದ್ದರು. ಇಷ್ಟು ವರ್ಷ ನಾನು ಅದನ್ನು ಬಾಗಿಲ ಹಿಂದಿನಿಂದಲೇ ನೋಡಿದ್ದೆ. ಆ ಹರಿಗೋಲಿನಲ್ಲಿ ಕಾಯುತ್ತಾ, ಆಟೋದ ಒಳಗಿನಿಂದ ನೋಡಿದ್ದು ಇದೇ ಮೊದಲು.

ಇಷ್ಟನ್ನು ಒಂದು ಸಾಲಿನಲ್ಲಿ ಹೇಗೆ ಬರೆಯಲಿ? ಬೇಸರ ಎಂದು ಬರೆದೆ.

ಇನ್ನೊಂದು ಮಾತು. ಫೋನಿನ ತೂತು ಕೆಟ್ಟಿಲ್ಲ. ಕಳಿಸಿದರೆ ನೀನು ಆ ಆಟ ಅಳಿಸಿ ಬೇರೆಯದನ್ನು ಹಾಕುತ್ತೀಯ ಎಂದು ಸುಳ್ಳು ಬರೆದೆ. ದಿನಾ ಸಂಜೆ ಆಟ ತೆರೆದು ಆ ಹುಡುಗಿ ಬಂದಳೇ ಎಂದು ನೋಡುತ್ತೇನೆ.

ಸುಮಲತಾ


ಚಿತ್ತವಾಡ್ಗಿ
23 ಆಗಸ್ಟ್ 2025

ಸುಮಾ,

ನನಗೇನು ಕನಸು ಬೀಳುತ್ತದೆಯೇ? ಊರಿಗೆ ಊರೇ ಬೋರು ಅನ್ನುತ್ತಿರುವಾಗ ನೀನು ಬೇಸರವಾಯಿತು ಎಂದು ಬರೆದರೆ ಯಾರಾದರೂ ಏನೆಂದು ತಿಳಿಯಬೇಕು? ನಿನ್ನ ಕಾಗದವನ್ನು ಮತ್ತೆ ತೆಗೆದು ನೋಡಿದೆ. "ನಿಂತುಬಿಡುತ್ತದೆ, ನೀನು ಹೇಳಿದ್ದು ನಿಜ" ಎಂದು ನೀನೇ ಬರೆದಿದ್ದೀಯ.

ರಕ್ತಕೋಟೆಗೆ ಎಲ್ಲರೂ ಐದು ಕೊಟ್ಟರು, ನೀನೂ ಐದು ಕೊಟ್ಟೆ. ಹಾಗಾದರೆ ಎಲ್ಲರೂ ಒಂದು ಕೊಟ್ಟಾಗ ನಿನ್ನದೂ ಒಂದೇ ಎಂದುಕೊಂಡದ್ದು ನನ್ನ ತಪ್ಪೇ?

ಆಗುವುದು ಆಗಿಹೋಯಿತು. ಸ್ಫೂರ್ತಿ ಆಟವನ್ನೇ ತೆಗೆದುಹಾಕಿದ್ದಾಳೆ. ಈಗ ಹುಡುಕಿದರೂ ಯಾರಿಗೂ ಸಿಗುವುದಿಲ್ಲ. ನನ್ನೊಬ್ಬನಿಂದ ತೆಗೆದಿರಲಿಕ್ಕಿಲ್ಲ. ಎಲ್ಲರೂ ಬೈದಿದ್ದರು.

ಗಿರೀಶ್


ಕಂಪ್ಲಿ
30 ಆಗಸ್ಟ್ 2025

ಗಿರೀಶಣ್ಣ,

ನೀನು ಸಿಟ್ಟಿನಲ್ಲಿ ಬರೆದರೂ ಅದರಲ್ಲಿ ಒಂದು ಮಾತು ಸರಿಯಿದೆ. ರಕ್ತಕೋಟೆ ನನಗೆ ಹಿಡಿಸಿರಲಿಲ್ಲ. ಕುದುರೆ ನೀರು ಕುಡಿಯುವುದೊಂದೇ ಚೆನ್ನಾಗಿತ್ತು. ಅಷ್ಟು ಜನ ಓದಿದವರು ಐದು ಕೊಟ್ಟಿರುವಾಗ, ಭತ್ತ ತಿರುವುವ ನಾನು ಇಲ್ಲ ಎಂದರೆ ನನಗೇ ತಿಳಿಯಲಿಲ್ಲ ಅನ್ನುತ್ತಾರೆ ಎಂದು ಹೆದರಿದೆ. ನೀನೂ ಇನ್ನು ಆಟ ಕಳಿಸುವುದಿಲ್ಲವೇನೋ ಎಂದು ಹೆದರಿದೆ. ಅಲ್ಲಿ ಸುಳ್ಳು ಹೇಳಿ, ಇಲ್ಲಿ ನಿಜ ಹೇಳುವಾಗ ಬಾಯಿ ಮುಚ್ಚಿಕೊಂಡೆ. ನೀನು ತಪ್ಪು ತಿಳಿಯುವಂತೆ ಕಲಿಸಿದವಳು ನಾನೇ.

ಆದರೆ ಸ್ಫೂರ್ತಿಯವರು ಆಟವನ್ನೇ ತೆಗೆದುಬಿಟ್ಟರಲ್ಲ. ಈಗ ಅದು ನನ್ನ ಕೈಯಲ್ಲಿ ಮಾತ್ರ ಇದೆ, ಕದ್ದವಳಂತೆ ಇಟ್ಟುಕೊಂಡಿದ್ದೇನೆ.

ನೀನು ಅವರ ಹತ್ತಿರ ಹೋಗು, ಅಣ್ಣ. ನಾನು ಹೋದರೆ ಬಾಗಿಲಲ್ಲಿ ನಿಂತು ಬರುತ್ತೇನೆ ಅಷ್ಟೇ, ನಿನಗೆ ಗೊತ್ತು. ಬೇಸರ ಎಂದ ಆ ಮಾತಿನ ಅರ್ಥ ಹೇಳಿ ಬಾ. ಮತ್ತೆ, ನಾನೂ ಆಡಿದೆ ಎಂದು ನೀನು ಬರೆದಿದ್ದೆಯಲ್ಲ, ಆ ಹುಡುಗಿಗಾಗಿ ನೀನು ಕಾಯ್ದೆಯಾ ಇಲ್ಲವಾ ಎಂದು ಬರೆಯಲೇ ಇಲ್ಲ.

ಸುಮಲತಾ


ಚಿತ್ತವಾಡ್ಗಿ
14 ಸೆಪ್ಟೆಂಬರ್ 2025

ಸುಮಾ,

ಇವತ್ತು ದೋಣಿಮಲೈಗೆ ಹೋಗಿ ಬಂದೆ. ಸಂಡೂರಿನಲ್ಲಿ ಬಸ್ಸು ಬದಲಿಸುವಾಗ ಅಲ್ಲಿಂದಲೇ ವಾಪಸ್ಸು ಬಂದುಬಿಡೋಣ ಅನಿಸಿತು.

ಗಣಿಯ ಸ್ಟಾಫ್ ಬಸ್ಸು ನಿಲ್ಲುವ ಶೆಡ್ಡಿನಲ್ಲಿ ಸ್ಫೂರ್ತಿ ಸಿಕ್ಕಳು, ಅಲ್ಲೇ ಕುಳಿತು ಮಾತಾಡಿದೆವು. ಬೈಯುತ್ತಾಳೆ ಎಂದುಕೊಂಡಿದ್ದೆ. "ಬಿಸಿಲಾಗ ಬಂದೀರಿ, ನೀರು ಕುಡೀರಿ" ಎಂದು ಬಾಟಲಿ ಕೊಟ್ಟಳು.

"ತೆಗೆದದ್ದು ಯಾಕ್ರಿ? ಒಂದು ಸ್ಟಾರಿಗೆ ಯಾರರ ಹಿಂಗ ಮಾಡ್ತಾರೇನು?" ಎಂದೆ.

"ಸ್ಟಾರಿಗೆ ಅಲ್ರಿ. ದೊಡ್ಡೋರು ಬೈದಾಗ, ಇವ್ರು ಹೊಳಿ ನೋಡಿಲ್ಲ ಬಿಡು ಅಂದ್ಕೊಂಡಿದ್ದೆ. ಆದರ ನಿಮ್ಮ ತಂಗಿ ಹೊಳಿ ದಂಡಿಯಾಕಿ. ಆಕಿಗೂ ಬ್ಯಾಸರಾತು ಅಂದ್ರ ಇನ್ಯಾರಿಗಂತ ಇಟ್ಕೊಳ್ಳಲಿ ಅದನ್ನ?"

ಸುಮಾ, ಅಲ್ಲಿಯೇ ನಾನು ಹೇಳಬೇಕಿತ್ತು. ನೀನು ಬರೆದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವಳೇ ಕೇಳಿದಳು: "ಆಕಿ ಬರದೇ ಇದ್ದ ದಿನ ನೀವೇನು ಮಾಡಿದ್ರಿ?"

ನಿನ್ನ ಕಾಗದ ಓದಿದ್ದೆನಲ್ಲ, ಕಾಯ್ದೆ ಎಂದು ಹೇಳಿಬಿಡಬಹುದಿತ್ತು. ಹಾಗೇ ಹೇಳಿದೆ ಕೂಡ. "ಭಾಳ ಹೊತ್ತು ಕಾಯ್ದೆ" ಎಂದೆ.

"ಕಾಯುವಾಗ ಹರಿಗೋಲಿನಾಗ ಕುಂತೋರು ಏನಂದ್ರು?" ಎಂದಳು.

ನೀನು ಅದನ್ನು ಬರೆದಿರಲಿಲ್ಲ. ನಾನು ಬಾಟಲಿಯ ಮುಚ್ಚಳ ತಿರುವುತ್ತಾ ಕುಳಿತೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ನೀವು ಆಡೇ ಇಲ್ಲೇನ್ರೀ?" ಎಂದಳು. ಸಿಟ್ಟಿನಿಂದಲ್ಲ. ಆಗಲೇ ಬಸ್ಸು ಬಂತು, ಯಾರೋ ಅವಳನ್ನು ಮಾತಾಡಿಸಿದರು, ಎದ್ದು ಹೋದಳು. ಬಾಟಲಿ ನನ್ನ ಕೈಯಲ್ಲೇ ಉಳಿಯಿತು.

ನಾನು ಆಡಿರಲಿಲ್ಲ. ಒಂದು ಸಲ ಹೊಳೆ ದಾಟಿಸಿ, ಉಳಿದದ್ದನ್ನು ಬೇರೆಯವರ ವಿಡಿಯೋ ನೋಡಿ ಹೇಳಿದೆ. ನಿನಗೆ ಬರೆಯುವಾಗಲೂ ಸುಳ್ಳು ಹೇಳಿದೆ. ನಿನ್ನ ಬೇಸರದ ಅರ್ಥವನ್ನು ಅವಳಿಗೆ ಹೇಳದೆಯೇ ಬಂದಿದ್ದೇನೆ. ಅದನ್ನು ಹೇಳಬೇಕಾದರೆ ಮೊದಲು ನಾನು ಆಡಿಲ್ಲ ಎಂದು ಹೇಳಬೇಕಾಗಿತ್ತು.

ಗಿರೀಶ್


ಕಂಪ್ಲಿ
21 ಸೆಪ್ಟೆಂಬರ್ 2025

ಗಿರೀಶಣ್ಣ,

ಫೋನು ಕಳಿಸುತ್ತಿದ್ದೇನೆ. ವಿರೂಪಾಕ್ಷಪ್ಪನವರು "ಓಹೋ, ಮತ್ತ ಶುರು ಆತೇನವ್ವಾ ಇದರ ತಿರುಗಾಟ" ಎಂದರು. ಆಟ ಅದರಲ್ಲೇ ಇದೆ. ಅಳಿಸಬೇಡ.

ನಾನು ಹಗ್ಗ ಬಿಚ್ಚಿಲ್ಲ. ನಾನು ಬಿಟ್ಟ ಕಡೆಯಿಂದ ಆಡಬೇಡ, ಮೊದಲಿನಿಂದ ಆಡು. ಇಲ್ಲದಿದ್ದರೆ ಅವಳು ಯಾರೆಂದೇ ನಿನಗೆ ಗೊತ್ತಿರುವುದಿಲ್ಲ. ಕುಳಿತವರು ಏನೆನ್ನುತ್ತಾರೆ ಎಂದು ನಾನು ಬರೆಯುವುದಿಲ್ಲ. ಬರೆದರೆ ಮತ್ತೆ ನನ್ನ ಮಾತನ್ನು ನೀನು ಹೇಳಿದಂತಾಗುತ್ತದೆ.

ಒಳಗೆ ಮಡಚಿಟ್ಟ ಹಾಳೆ ಸ್ಫೂರ್ತಿಯವರಿಗೆ. ಪಕೀರಪ್ಪನ ಆಟೋದ ವಿಷಯವನ್ನೆಲ್ಲ ಬರೆದಿದ್ದೇನೆ. ಬಹಳ ಗೀಟು ಹಾಕಿದ್ದೇನೆ, ಅವರು ಏನಂದುಕೊಳ್ಳುತ್ತಾರೋ. ನಿನ್ನದೂ ಸೇರಿಸಿ ಕ್ಷಮೆ ಕೇಳೋಣವೆಂದು ಮೊದಲು ಬರೆದೆ, ಆಮೇಲೆ ಅದನ್ನು ಹೊಡೆದುಹಾಕಿದೆ. ನಿನ್ನದು ನೀನು ಕೇಳು.

ಒಂದು ಹೇಳುವುದು ಮರೆತೆ. ಮೊನ್ನೆ ಸಂತೆಯಲ್ಲಿ ಪಕೀರಪ್ಪ ಕಂಡರು. ಈಗ ಆಟೋ ಓಡಿಸುವುದಿಲ್ಲ, ಮಗ ಓಡಿಸುತ್ತಾನೆ. ಹತ್ತಿರ ಹೋಗಿ ನಿಂತೆ. "ಯಾರವ್ವಾ?" ಎಂದರು. ಗುಡ್ಡಪ್ಪನ ಮಗಳು ಎಂದೆ. ಆ ಹಾರ್ನಿನ ವಿಷಯ ಎತ್ತಲಿಲ್ಲ. "ಚಲೋ ಇದ್ದೀಯಾ?" ಎಂದು ಕೇಳಿ ಹೋದರು.

ಸುಮಲತಾ


ಚಿತ್ತವಾಡ್ಗಿ
5 ಅಕ್ಟೋಬರ್ 2025

ಸುಮಾ,

ಮೊದಲು ಸ್ಫೂರ್ತಿಯ ವಿಷಯ. ಮೊನ್ನೆ ಮತ್ತೆ ಹೋದೆ. ಈ ಸಲ ಶೆಡ್ಡಿನಲ್ಲಿ ಕುಳಿತುಕೊಳ್ಳುವ ಮೊದಲೇ, ಆಡದೆ ಮಾತಾಡಿದೆ, ತಪ್ಪಾತು ಎಂದು ಹೇಳಿದೆ. ಅವಳು "ಹೂಂ" ಎಂದಳು, ಅಷ್ಟೇ. ನಿನ್ನ ಹಾಳೆ ಕೊಟ್ಟೆ. ನಿಂತೇ ಓದಿದಳು. ಗೀಟು ಹಾಕಿದ ಸಾಲುಗಳನ್ನೂ ಬೆಳಕಿಗೆ ಹಿಡಿದು ಓದಿದಳು. ಬಸ್ಸು ಬಂದು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಕೊನೆಗೆ, "ಆ ಆಟೋದವ್ರು ಹಾರ್ನ್ ಹೆಂಗ ಹೊಡೀತಿದ್ರು, ಒಂದೇ ಉದ್ದಕ್ಕೋ, ಬಿಟ್ಟು ಬಿಟ್ಟೋ? ಆಕಿನ್ನ ಕೇಳಿ ಹೇಳ್ರಿ" ಎಂದಳು. ಯಾಕೆ ಎಂದು ಕೇಳಿದರೆ ಹಾಳೆ ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ಆಟವನ್ನು ಮತ್ತೆ ಹಾಕುತ್ತೇನೆ ಎಂದೂ ಅನ್ನಲಿಲ್ಲ, ಹಾಕುವುದಿಲ್ಲ ಎಂದೂ ಅನ್ನಲಿಲ್ಲ. ನೀನು ನೆನಪು ಮಾಡಿಕೊಂಡು ಬರಿ.

ಆ ಹಳೆಯ ವಿಡಿಯೋ ತೆಗೆದುಹಾಕಿದೆ. ಆಡದೆ ಹೇಳಿದ್ದೆ, ತಂಗಿಯ ಮಾತನ್ನು ತಿರುಚಿದ್ದೆ ಎಂದು ಹೊಸದೊಂದು ಹಾಕಿದೆ. ಬಹಳ ಜನ ನೋಡಲಿಲ್ಲ. ನೋಡಿದವರು ಕೆಳಗೆ "ಇದೂ ಬ್ಯಾಸರಾತು ಅಣ್ಣ" ಎಂದು ಬರೆದಿದ್ದಾರೆ. ನಾನು ಕಲಿಸಿದ ಮಾತು, ಯಾರನ್ನು ಬೈಯಲಿ?

ಇನ್ನು ಆಟ. ಮೊದಲಿನಿಂದಲೇ ಆಡಿದೆ. ಮೀನಿನ ಪ್ರಶ್ನೆಗೆ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಹರಿಗೋಲಿನಲ್ಲಿ ಕುಳಿತವರು ಏನೆನ್ನುತ್ತಾರೆ ಎಂದು ಈಗ ಗೊತ್ತು. "ಎಲ್ಲಾರೂ ಹೊಂಟಾರ, ನೀನೊಬ್ಬ ಯಾಕ ನಿಂತಿ? ನಡಿ" ಎನ್ನುತ್ತಾರೆ.

ಎಷ್ಟು ಸ್ಟಾರ್ ಎಂದು ಕೇಳಬೇಡ.

ಅವಳು ಇನ್ನೂ ಬಂದಿಲ್ಲ. ಫೋನು ಸ್ವಲ್ಪ ದಿನ ಇಲ್ಲೇ ಇರಲಿ. ಚಾರ್ಜ್ ಹಾಕುವ ತೂತು ಕೆಟ್ಟಿದೆ.

ಗಿರೀಶ್